ನಾನು ತಡೆಹಿಡಿದ ಬೆಸಾಂವ್

ಈ ಮಳೆಗಾಲದಲ್ಲಿ ಒಮ್ಮೆ ಎರಡು ದಿನ ಕರೆಂಟಿರಲಿಲ್ಲ. ಭಾನುವಾರ ಇಗರ್ಜಿಗೆ, ಎಂದರೆ ಚರ್ಚಿಗೆ, ಹಾಕಿಕೊಂಡು ಹೋಗುವ ನನ್ನ ಬಿಳಿ ಅಂಗಿ ಒಣಗಿರಲಿಲ್ಲ. ನನ್ನ ಹೆಂಡತಿ ಲಿಲ್ಲಿ ಅಟ್ಟದ ಮೇಲಿದ್ದ ಹಳೆಯ ಇಸ್ತ್ರಿ ಪೆಟ್ಟಿಗೆಯನ್ನು ಇಳಿಸಿ, ತೆಂಗಿನ ಕರಟದ ಕೆಂಡ ತುಂಬಿ, ಕಿಟಕಿಯ ಹತ್ತಿರ ನಿಂತು ಅಂಗಿಯನ್ನು ತಿಕ್ಕತೊಡಗಿದಳು. ಒದ್ದೆ ಹತ್ತಿಬಟ್ಟೆಯ ಮೇಲೆ ಕಾದ ಪೆಟ್ಟಿಗೆ ಹರಿದಾಗ ಏಳುವ ವಾಸನೆಯೊಂದಿದೆ. ಅದರಲ್ಲಿ ಗಂಜಿ ಇದೆ, ಕರಟದ ಹೊಗೆ ಇದೆ, ಇನ್ನೇನು ಸೀದುಹೋಗುತ್ತದೆ ಎಂಬ ಹೆದರಿಕೆಯೂ ಇದೆ. ಅದು ಮೂಗಿಗೆ ಬಡಿದದ್ದೇ, ಎಪ್ಪತ್ತಮೂರು ವರ್ಷದ ನಾನು ಓದುತ್ತಿದ್ದ ಪೇಪರನ್ನು ತೊಡೆಯ ಮೇಲಿಟ್ಟುಕೊಂಡು ಹಾಗೇ ಕುಳಿತುಬಿಟ್ಟೆ. ನಿಮಗೂ ನಿಮ್ಮ ಮನೆಯದೊಂದು ವಾಸನೆ ಇರಬಹುದು. ಮನೆ ಹೋಗಿರುತ್ತದೆ, ಮನೆಯವರು ಹೋಗಿರುತ್ತಾರೆ, ಅದೊಂದು ಮಾತ್ರ ಎಲ್ಲೋ ಉಳಿದುಕೊಂಡಿರುತ್ತದೆ. ನನ್ನದು ಇದು. ಇದರ ಹಿಂದೆ ನನ್ನ ಅಪ್ಪ ಇದ್ದಾನೆ. ಅಪ್ಪ ಕಲಿಸಿದ್ದನ್ನು ನಾನು ಕಲಿಯದೆ ಮಾಡಿದ ಒಂದು ತಪ್ಪೂ ಇದೆ.

ನಮ್ಮ ಮನೆ ಹೊನ್ನಾವರದಿಂದ ಹಳದೀಪುರದ ಕಡೆಗೆ ಹೋಗುವ ರಸ್ತೆಯ ಬದಿಯಲ್ಲಿತ್ತು. ಹಂಚಿನ ಮಾಡು, ಕಾವಿ ಬಳಿದ ನೆಲ. ಮುಂದಿನ ಕೋಣೆಯೇ ಅಪ್ಪನ ಹೊಲಿಗೆ ಅಂಗಡಿ. ಮನೆಮಾತು ಕೊಂಕಣಿ, ಅಪ್ಪನನ್ನು ಪಾಯ್, ಅಮ್ಮನನ್ನು ಮಾಯ್ ಎಂದು ಕರೆಯುತ್ತಿದ್ದೆವು. ನಾನು ಹೈಸ್ಕೂಲಿನವರೆಗೆ ಓದಿದ್ದು ಕನ್ನಡದಲ್ಲಿ, ಹಾಗಾಗಿ ಅವರ ಮಾತನ್ನೆಲ್ಲ ಊರಿನ ಕನ್ನಡಕ್ಕೆ ತಂದೇ ಬರೆಯುತ್ತಿದ್ದೇನೆ. ಪಾಯ್‌ನ ಕುತ್ತಿಗೆಯಲ್ಲಿ ಅಳತೆಯ ಟೇಪು ಸದಾ ಇರುತ್ತಿತ್ತು. ಎಷ್ಟೋ ಸಲ ಹಾಗೆಯೇ ಇಗರ್ಜಿಗೆ ಹೋಗಿ, ಪ್ರಸಾದ ತೆಗೆದುಕೊಳ್ಳುವ ಸಾಲಿನಲ್ಲಿ ನಿಂತಾಗ ಮಾಯ್ ಹಿಂದಿನಿಂದ ಎಳೆದು ತೆಗೆಯುತ್ತಿದ್ದಳು. ಮಾಯ್ ಕಾಜ ಹೊಲಿಯುತ್ತಿದ್ದಳು, ಗುಂಡಿ ಹಾಕುತ್ತಿದ್ದಳು. ನನ್ನ ಇಬ್ಬರು ಅಕ್ಕಂದಿರು ಅಂಚು ಮಡಿಸುತ್ತಿದ್ದರು. ಹೊಸ ಬಟ್ಟೆಗೆ ಮೊದಲ ಕತ್ತರಿ ಹಾಕುವ ಮೊದಲು ಪಾಯ್ ಅದರ ಮೂಲೆಯಲ್ಲಿ ಸೀಮೆಸುಣ್ಣದಿಂದ ಸಣ್ಣದೊಂದು ಶಿಲುಬೆ ಗುರುತು ಮಾಡುತ್ತಿದ್ದ. ಭಟ್ಕಳದ ನವಾಯತ ಮುಸ್ಲಿಮರ ಮದುವೆಯ ಜುಬ್ಬಾ ಇರಲಿ, ಶಾಲೆಯ ಅಕ್ಕೋರ ರವಿಕೆ ಇರಲಿ, ಎಲ್ಲಕ್ಕೂ ಅದೇ. ಬಟ್ಟೆ ಕೊಡುವ ಮುಂಚೆ ಅದನ್ನು ಬ್ರಷ್ಷಿನಿಂದ ಅಳಿಸಿಯೇ ಕೊಡುತ್ತಿದ್ದ. ಬೇರೆಯವರ ಬಟ್ಟೆಗೆ ನಮ್ಮ ಶಿಲುಬೆ ಯಾಕೆ ಎಂದು ದೊಡ್ಡಕ್ಕ ಕೇಳಿದಾಗ, ಅದು ಬಟ್ಟೆಗಲ್ಲ ಮಗಾ, ನನ್ನ ಕತ್ತರಿಗೆ ಎಂದಿದ್ದ. ಧರ್ಮದ ವಿಷಯದಲ್ಲಿ ಪಾಯ್ ನಮಗೆ ಕೂರಿಸಿಕೊಂಡು ಹೇಳಿದ್ದು ಏನೂ ಇಲ್ಲ. ಹೀಗೆ ಕೆಲಸದ ನಡುವೆ ಒಂದು ಮಾತು ಬೀಳುತ್ತಿತ್ತು, ಬಟ್ಟೆಯ ತುಂಡು ಬಿದ್ದ ಹಾಗೆ. ಹೆಕ್ಕಿಕೊಂಡವರಿಗೆ ಸಿಕ್ಕಿತು.

ಸಂಜೆ ಇಗರ್ಜಿಯ ಗಂಟೆ ಕೇಳಿದ ಕೂಡಲೇ ಮೆಷಿನ್ನು ನಿಲ್ಲುತ್ತಿತ್ತು. ಅರ್ಧ ಹೊಲಿದ ತೋಳು ಸೂಜಿಯ ಕೆಳಗೇ ಇರುತ್ತಿತ್ತು. ಕೈಕಾಲು ತೊಳೆದು, ಒಳಗಿನ ಕೋಣೆಯಲ್ಲಿ ಯೇಸುವಿನ ಪಟದ ಮುಂದೆ ಎಣ್ಣೆದೀಪ ಹಚ್ಚಿ, ಮೊಣಕಾಲೂರಿ ಜಪಮಾಲೆ. ಮಾಯ್ ಅರ್ಧ ಹೇಳಿದರೆ ನಾವು ಉಳಿದರ್ಧ ಹೇಳುವುದು. ಹತ್ತು ಹತ್ತು ಮಣಿಯ ಐದು ಸುತ್ತಿನಲ್ಲಿ ನನಗೆ ಮೂರನೆಯದಕ್ಕೇ ನಿದ್ದೆ ಬರುತ್ತಿತ್ತು. ಪಾಯ್ ಮುಂದಿನಿಂದಲೇ ಕೈ ಹಿಂದೆ ಚಾಚಿ ನನ್ನ ಕಿವಿಯನ್ನು ಸರಿಯಾಗಿ ಹುಡುಕಿ ಹಿಡಿಯುತ್ತಿದ್ದ. ಮೀನು ಮಾರುವ ಗಣಪಿ ದಿನವೂ ಅದೇ ಹೊತ್ತಿಗೆ ಪೇಟೆಯಿಂದ ಹಿಂತಿರುಗುವಳು. ಖಾಲಿ ಬುಟ್ಟಿ ಇಟ್ಟು ನಮ್ಮ ಜಗಲಿಯಲ್ಲಿ ಕಾಲು ಚಾಚಿ ಕೂತು, ಜಪ ಮುಗಿಯಲಿ ಎಂದು ಕಾಯುವಳು. ಮುಗಿದ ಮೇಲೆ ಮಾಯ್ ಕೊಡುವ ಚಾ ಕುಡಿದೇ ಏಳುವುದು. ಒಂದು ದಿನ ಅವಳು ಪಾಯ್‌ನನ್ನು ಕೇಳಿದಳು:

"ಅಲ್ಲ ಪಾಸ್ಕಣ್ಣ, ಒಂದೇ ಮಾತ ಐವತ್ತು ಸಲ ಹೇಳ್ತ್ರಲ್ಲ, ನಿಮ್ಮ ದೇವ್ರಿಗೆ ಕಿವಿ ಕೇಳೂದಿಲ್ವಾ ಎಂತ?"

"ಅವ್ನಿಗೆ ಕೇಳ್ತದೆ ಗಣಪಿ. ಹೇಳೂವ ನಮ್ಗೇ ಕೇಳೂದಿಲ್ಲ. ಅದ್ಕೇ ಐವತ್ತು ಸಲ."

ಜಪ ಮುಗಿದ ಮೇಲೆ ನಮ್ಮಲ್ಲಿ ಒಂದು ಪದ್ಧತಿ. ಮಕ್ಕಳು ಒಬ್ಬೊಬ್ಬರಾಗಿ ಮನೆಯ ಹಿರಿಯರ ಮುಂದೆ ಹೋಗಿ, ಕೈ ಜೋಡಿಸಿ, 'ಬೆಸಾಂವ್ ದಿ' ಎಂದು ಕೇಳಬೇಕು. ಆಶೀರ್ವಾದ ಕೊಡು ಎಂದು ಅರ್ಥ. ಹಿರಿಯರು ತಲೆಯ ಮೇಲೆ ಕೈಯಿಟ್ಟು 'ದೇವ್ ಬರೆಂ ಕರುಂ', ದೇವರು ಒಳ್ಳೆಯದು ಮಾಡಲಿ, ಎನ್ನಬೇಕು. ದೊಡ್ಡವರು ಮೊದಲು, ಸಣ್ಣವರು ಕಡೆಗೆ. ಕೇಳುವುದು ಮಕ್ಕಳ ಪಾಲು, ಕೊಡುವುದು ಹಿರಿಯರ ಪಾಲು. ಪಾಯ್ ಮತ್ತು ಮಾಯ್‌ ಹತ್ತಿರ ಕೇಳಿ ಆದ ಮೇಲೆ ಪಾಯ್ ನಮ್ಮನ್ನು ಜಗಲಿಗೂ ಕಳಿಸುತ್ತಿದ್ದ, ಗಣಪಿಯೂ ಹಿರಿಯಳಲ್ಲವೇ ಎಂದು. ಅವಳಿಗೆ ನಮ್ಮ ಮಾತು ಬಾರದು. ಮೂರು ಜೊತೆ ಕೈಗಳು ಮುಂದೆ ಬಂದು ನಿಂತರೆ ನಾಚಿಕೊಂಡು, ಮೀನಿನ ಕೈ ಎಂದು ಸೆರಗಿಗೆ ಒರೆಸಿಕೊಂಡು, "ಆತು ಆತು, ಚಲೋದಾಗ್ಲಿ" ಎಂದು ನಮ್ಮ ತಲೆ ಮುಟ್ಟುತ್ತಿದ್ದಳು. ನನ್ನ ಬಾಲ್ಯದ ಕೂದಲಿಗೆ ಬಂಗಡೆಯ ವಾಸನೆ ಇದ್ದದ್ದು ಹಾಗೆ.

ನನಗೆ ಒಂಬತ್ತು ವರ್ಷವಾಗಿದ್ದಾಗ ಒಂದು ಸಂಗತಿ ನಡೆಯಿತು. ಹಳದೀಪುರದ ತೆರೆಜಾ ಎಂಬ ಹುಡುಗಿ ಇಗರ್ಜಿಯಲ್ಲಿ ಮೊದಲ ಸಲ ಪರಮಪ್ರಸಾದ ತೆಗೆದುಕೊಳ್ಳುವ ಹಬ್ಬಕ್ಕೆ ಪಾಯ್ ಬಿಳಿಯ ಉದ್ದ ಲಂಗ ಹೊಲಿದಿದ್ದ. ತೆಳುವಾದ ಬಟ್ಟೆ, ಸಾಲುಸಾಲು ನೆರಿಗೆ. ಇಸ್ತ್ರಿ ಮಾಡುವುದೊಂದು ಬಾಕಿ. ಮಧ್ಯಾಹ್ನ ಪಾಯ್ ನೂಲು ತರಲು ಪೇಟೆಗೆ ಹೋಗಿದ್ದ, ಮಾಯ್ ಹಿತ್ತಲಲ್ಲಿದ್ದಳು. ಪೆಟ್ಟಿಗೆಯಲ್ಲಿ ಕೆಂಡ ಇತ್ತು. ನಾನೂ ಟೇಲರ್ ಆಗಿ ನೋಡುವ ಆಸೆ. ಮೊದಲ ಎರಡು ನೆರಿಗೆ ಚೆಂದ ಕೂತವು. ಮೂರನೆಯದಕ್ಕೆ ಪೆಟ್ಟಿಗೆಯನ್ನು ಅಲ್ಲೇ ಬಿಟ್ಟು, ರಸ್ತೆಯಲ್ಲಿ ಹೋಗುವ ಬಸ್ಸು ಯಾವುದೆಂದು ಬಗ್ಗಿ ನೋಡಿದೆ. ತಿರುಗುವಷ್ಟರಲ್ಲಿ ವಾಸನೆ ಬಂದಿತ್ತು. ಎತ್ತಿ ನೋಡಿದರೆ ಬಟ್ಟೆಯ ಮೇಲೆ ಪೆಟ್ಟಿಗೆಯ ಮೂತಿಯಷ್ಟೇ ಅಗಲದ ಕಂದು ಕಲೆ. ನಾನು ಅಳಲಿಲ್ಲ. ಕಲೆ ಒಳಗೆ ಹೋಗುವಂತೆ ಲಂಗವನ್ನು ಮಡಿಸಿ, ಹೊಲಿದಿಟ್ಟ ಬಟ್ಟೆಗಳ ಅಡಿಗೆ ತುರುಕಿದೆ. ಪಾಯ್ ಬಂದವನು ಬಾಗಿಲಲ್ಲಿ ಒಂದು ಕ್ಷಣ ನಿಂತು ಉಸಿರೆಳೆದುಕೊಂಡ. ತಂದ ನೂಲನ್ನು ಮೆಷಿನ್ನಿನ ಮೇಲಿಟ್ಟು ಕೆಲಸಕ್ಕೆ ಕೂತ.

ಆ ಸಂಜೆಯ ಜಪದಲ್ಲಿ ನನಗೆ ನಿದ್ದೆ ಬರಲಿಲ್ಲ. ಅಕ್ಕಂದಿರು ಬೆಸಾಂವ್ ಕೇಳಿ ಎದ್ದು ಹೋದರು. ನಾನು ಗೋಡೆಗೆ ಒರಗಿ ನಿಂತಿದ್ದೆ.

"ಬಾ," ಎಂದ ಪಾಯ್.

ಇವತ್ತು ಬೇಡ ಎಂದೆ.

"ಬೇಡ ಹೇಳೂಕೆ ಅದೇನು ಗಂಜಿಯಾ? ಬಾ."

ಹೋದೆ. ಕೈ ಜೋಡಿಸಿದೆ. ಪಾಯ್ ನನ್ನ ಪರವಾಗಿ ತಾನೇ ಮೆಲ್ಲಗೆ 'ಬೆಸಾಂವ್ ದಿ' ಎಂದು ಹೇಳಿಕೊಟ್ಟ. ನಾನು ಅದನ್ನೇ ತಿರುಗಿ ಹೇಳಿದೆ. ತಲೆಯ ಮೇಲೆ ಕೈಯಿಟ್ಟು ದೇವ್ ಬರೆಂ ಕರುಂ ಎಂದ. ದಿನದಂತೆಯೇ, ಒಂದು ಅಕ್ಷರವೂ ಹೆಚ್ಚುಕಡಿಮೆ ಇಲ್ಲದೆ. ಕೈ ತೆಗೆದ ಮೇಲೆ "ಈಗ ಹೇಳು" ಎಂದ. ನಾನು ಎಲ್ಲವನ್ನೂ ಹೇಳಿ ಅತ್ತೆ. ಹೊಡೆಯಲಿಲ್ಲ. ಮರುದಿನ ಬೆಳಿಗ್ಗೆ ಲಂಗವನ್ನು ನನ್ನ ಕೈಗೇ ಕೊಟ್ಟು, ಹಳದೀಪುರದವರೆಗೆ ಜೊತೆಯಲ್ಲಿ ನಡೆಸಿಕೊಂಡು ಹೋದ. ತೆರೆಜಾಳ ತಾಯಿಯ ಮುಂದೆ ನಾನೇ ಬಿಡಿಸಿ ತೋರಿಸಿ, ಸುಟ್ಟದ್ದು ನಾನು ಎಂದು ಹೇಳಬೇಕಾಯಿತು. ಆಕೆ ಬೈದಳು, ಬೈಯಬೇಕಾದದ್ದೇ. ಅಷ್ಟು ಹೊತ್ತೂ ಪಾಯ್ ನನ್ನ ಪಕ್ಕದಲ್ಲಿ, ತಾನೇ ಸುಟ್ಟವನ ಹಾಗೆ ತಲೆ ತಗ್ಗಿಸಿ ನಿಂತಿದ್ದ. ಆಮೇಲೆ ಲಂಗವನ್ನು ಮನೆಗೆ ತಂದು, ಸುಟ್ಟ ಪಟ್ಟಿಯನ್ನು ಬಿಚ್ಚಿ ತೆಗೆದು, ಬೇರೆ ಬಟ್ಟೆ ಜೋಡಿಸಿ, ಹಬ್ಬದ ಹೊತ್ತಿಗೆ ಮುಟ್ಟಿಸಿದ.

ಹಳದೀಪುರದಿಂದ ಹಿಂತಿರುಗುವಾಗ ದಾರಿಯಲ್ಲಿ ನನಗೊಂದು ಪ್ರಶ್ನೆ. ನಿನಗೆ ನಿನ್ನೆಯೇ ಗೊತ್ತಿತ್ತಲ್ಲ, ಮತ್ತೆ ಬೆಸಾಂವ್ ಮೊದಲು ಕೊಟ್ಟದ್ದು ಯಾಕೆ ಎಂದು ಕೇಳಿದೆ. ಪಾಯ್ ನನ್ನ ಕೈ ಹಿಡಿದುಕೊಂಡ. ರಸ್ತೆಯ ಎರಡು ಬದಿಗೂ ಗದ್ದೆ, ಗದ್ದೆಯ ತುಂಬ ನೀರು.

"ಅದು ನಾ ದುಡಿದು ಕೂಡಿಟ್ಟದ್ದಲ್ಲ," ಎಂದ. "ನನ್ನಪ್ಪ ಕೊಟ್ಟ, ಅವನಿಗೆ ಅವನಪ್ಪ. ಕೊಡೂವ ದೇವರು, ನಂದು ಬರೀ ಕೈ. ನೀ ಒಳ್ಳೇವ ಆದ್ಮೇಲೆ ಕೊಡೂಕೆ ಅದೇನು ಶಾಲೆಯ ಬಹುಮಾನವಾ?"

ಈ ಮಾತು ನನಗೆ ಅಕ್ಷರ ಬಿಡದೆ ನೆನಪಿತ್ತು. ನೆನಪಿದ್ದೂ ನಾನು ಮಾಡಿದ್ದನ್ನು ಈಗ ಹೇಳಬೇಕು.

ಹೈಸ್ಕೂಲು ಮುಗಿಸಿದ ಮೇಲೆ ನಾನು ಪೋಸ್ಟ್‌ಮನ್ ಆದೆ. ಲಿಲ್ಲಿಯನ್ನು ಮದುವೆಯಾದೆ. ನಮಗೆ ಒಬ್ಬಳೇ ಮಗಳು, ಲವಿನಾ. ಮಾಯ್ ತೀರಿಕೊಂಡಳು, ಪಾಯ್‌ನ ಕಣ್ಣು ಮಂಜಾಗಿ ಮೆಷಿನ್ನಿಗೆ ಬಟ್ಟೆ ಮುಚ್ಚಿಟ್ಟದ್ದಾಯಿತು. ಆದರೆ ಮನೆ ಅದೇ, ದೀಪ ಅದೇ, ಜಪವೂ ಅದೇ. ನಾನು ಪಾಯ್‌ಗಿಂತ ಕಟ್ಟುನಿಟ್ಟು. ನಮ್ಮ ಭಾಗದ ಕ್ರೈಸ್ತ ಮನೆಗಳಿಗೆಲ್ಲ ನನ್ನನ್ನು ಗುರ್ಕಾರ, ಎಂದರೆ ಮುಖ್ಯಸ್ಥ, ಎಂದು ಆರಿಸಿದ್ದರು. ಯಾರ ಮನೆಯಲ್ಲಿ ಜಪ ತಪ್ಪಿತು, ಯಾರ ಮಕ್ಕಳು ಭಾನುವಾರ ಬರಲಿಲ್ಲ, ಎಲ್ಲ ನನಗೆ ಗೊತ್ತಿರುತ್ತಿತ್ತು. ಅದನ್ನೇ ನಾನು ಭಕ್ತಿ ಎಂದುಕೊಂಡಿದ್ದೆ.

ಲವಿನಾ ಒಂಬತ್ತನೆಯ ಕ್ಲಾಸಿನಲ್ಲಿದ್ದಾಗ ಒಂದು ಭಾನುವಾರ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿಳಿಯುತ್ತಿದ್ದೆ. ಮಕ್ಕಳಿಗೆ ಭಾನುವಾರ ಧರ್ಮೋಪದೇಶದ ಕ್ಲಾಸು ನಡೆಸುವ ಟೀಚರಮ್ಮ ನಾಲ್ಕು ಜನರ ಎದುರಿಗೇ ಕೇಳಿದಳು, ಗುರ್ಕಾರರ ಮಗಳಿಗೆ ಹುಷಾರಿಲ್ಲವೇ, ನಾಲ್ಕು ವಾರದಿಂದ ಕ್ಲಾಸಿಗೆ ಕಾಣಲಿಲ್ಲವಲ್ಲ ಎಂದು. ಪ್ರತಿ ಭಾನುವಾರ ಮಗಳು ಪುಸ್ತಕ ಹಿಡಿದು ಕ್ಲಾಸಿಗೆಂದು ಹೋದದ್ದನ್ನು ನಾನೇ ನೋಡಿದ್ದೆ. ವಿಚಾರಿಸಿದರೆ, ಗೆಳತಿಯ ಜೊತೆ ಹೊಳೆ ಕಡಲು ಸೇರುವಲ್ಲಿಗೆ ಹೋಗಿ ದೋಣಿ ಬರುವುದನ್ನು ನೋಡುತ್ತ ಕೂರುತ್ತಿದ್ದಳಂತೆ. ನನಗೆ ದೇವರ ನೆನಪಾಗಲಿಲ್ಲ, ಮಗಳ ನೆನಪೂ ಆಗಲಿಲ್ಲ. ಮೆಟ್ಟಿಲ ಮೇಲೆ ನಿಂತು ಕೇಳಿಸಿಕೊಂಡ ಆ ನಾಲ್ಕು ಜನರ ಮುಖ ಮಾತ್ರ ಕಣ್ಣ ಮುಂದಿತ್ತು.

ಸಂಜೆ ಜಪ ಆಯಿತು. ಲವಿನಾ ಮೊದಲು ನನ್ನ ಮುಂದೆ ಬಂದಳು. ಕೈ ಜೋಡಿಸಿದಳು. "ಬೆಸಾಂವ್ ದಿ ಪಪ್ಪಾ" ಎಂದಳು. ನಾನು ಕೈಯನ್ನು ಬೆನ್ನ ಹಿಂದೆ ಇಟ್ಟುಕೊಂಡೆ.

"ಸುಳ್ಳು ಹೇಳೂವವಳಿಗೆ ನನ್ನ ಹತ್ರ ಬೆಸಾಂವ್ ಇಲ್ಲ," ಎಂದೆ. "ತಪ್ಪಾಯ್ತು ಹೇಳು, ಮತ್ತೆ ಕೇಳು."

ಅವಳು ಹೇಳಲಿಲ್ಲ, ಹೋಗಲೂ ಇಲ್ಲ. ಜೋಡಿಸಿದ ಕೈ ಹಾಗೇ ಹಿಡಿದುಕೊಂಡು ನಿಂತಳು. ನಾನು ಬೇರೆ ಕಡೆ ನೋಡಿದೆ. ಎಷ್ಟೋ ಹೊತ್ತಾದ ಮೇಲೆ ಕೈ ಕೆಳಗಿಳಿಸಿ, ಕುರ್ಚಿಯಲ್ಲಿ ಕೂತಿದ್ದ ಪಾಯ್‌ನ ಹತ್ತಿರ ಹೋದಳು. ಪಾಯ್ ಅವಳ ತಲೆಯ ಮೇಲೆ ಕೈಯಿಟ್ಟು ದೇವ್ ಬರೆಂ ಕರುಂ ಎಂದ. ಅವಳು ತಿರುಗಬೇಕೆನ್ನುವಾಗ ಇನ್ನೊಂದು ಕೈಯಿಂದ ಹಿಡಿದು ನಿಲ್ಲಿಸಿ, ಮತ್ತೊಮ್ಮೆ ಅದೇ ಮಾತು ಹೇಳಿದ.

"ಒಂದು ನಂದು," ಎಂದ. "ಇನ್ನೊಂದು ನಿನ್ನ ಪಪ್ಪಂದು. ಅವಂಗೆ ಇವತ್ತು ಕೈ ನೋವು."

ಮರುದಿನ ನಾನು ಸೈಕಲ್ಲಿಗೆ ಗಾಳಿ ಹಾಕುವಾಗ ಪಾಯ್ ಗೋಡೆ ಹಿಡಿದುಕೊಂಡು ಹೊರಗೆ ಬಂದ. ಅವಳು ಕೇಳುವುದನ್ನು ಕಾಯಬೇಡ, ಹೋಗಿ ಕೊಡು ಎಂದ. ಮಕ್ಕಳು ಕೇಳಬೇಕು, ಅದೇ ಪದ್ಧತಿ ಎಂದೆ ನಾನು. "ಪದ್ಧತಿ ನಂಗೆ ಕಲಿಸ್ತ್ಯಾ?" ಎಂದಷ್ಟೇ ಹೇಳಿ ಒಳಗೆ ಹೋದ. ನನಗೆ ಒಳಗೊಳಗೇ ಖಾತ್ರಿ ಇತ್ತು, ಒಂದು ವಾರದಲ್ಲಿ ಅವಳೇ ಬರುತ್ತಾಳೆ ಎಂದು. ಆ ಸಂಜೆ ಅವಳು ತಾಯಿಯ ಹತ್ತಿರ ಬೆಸಾಂವ್ ಕೇಳಿದಳು, ಅಜ್ಜನ ಹತ್ತಿರ ಕೇಳಿದಳು, ನನ್ನ ಮುಂದಿನಿಂದ ಹಾದು ಅಡಿಗೆಮನೆಗೆ ಹೋದಳು. ಅದರ ಮರುದಿನವೂ ಹಾಗೆಯೇ. ಜಗಳ ಇಲ್ಲ, ಮುನಿಸಿಲ್ಲ. ನನಗೆ ಊಟ ಬಡಿಸುತ್ತಿದ್ದಳು, ಅಂಗಿ ಒಗೆಯುತ್ತಿದ್ದಳು. ಮುಂದೆ ಕ್ಲಾಸಿಗೂ ತಪ್ಪದೆ ಹೋದಳು. ಬೆಸಾಂವ್ ಮಾತ್ರ ಕೇಳಲಿಲ್ಲ. ಪಾಯ್ ಪ್ರತಿ ಸಂಜೆ ಅವಳಿಗೆ ಎರಡು ಸಲ ಹೇಳುತ್ತಿದ್ದ. ನಾನು ಅಲ್ಲೇ ಮೂರು ಮಾರು ದೂರದಲ್ಲಿ ಕೂತು ನನ್ನ ಪಾಲಿನದನ್ನು ಇನ್ನೊಬ್ಬರು ಕೊಡುವುದನ್ನು ಕೇಳುತ್ತಿದ್ದೆ. ಎರಡು ವರ್ಷ ಕೇಳಿದೆ. ಕಡೆಯ ದಿನಗಳಲ್ಲಿ ಪಾಯ್‌ಗೆ ಮಾತು ಹೋಗಿತ್ತು. ಅವಳು ಹಾಸಿಗೆಯ ಪಕ್ಕ ತಲೆ ಬಗ್ಗಿಸಿದರೆ ಕೈ ಎತ್ತಿ ಇಡುತ್ತಿದ್ದ, ತೆಗೆಯುತ್ತಿದ್ದ, ಮತ್ತೆ ಎತ್ತಿ ಇಡುತ್ತಿದ್ದ. ಆ ಕೈಗೆ ಎಷ್ಟು ಭಾರವಾಗುತ್ತಿತ್ತೆಂದು ನಾನು ಕಣ್ಣಾರೆ ಕಂಡಿದ್ದೇನೆ. ಆಗಲಾದರೂ ಏಳಬಹುದಿತ್ತು. ಏಳಲಿಲ್ಲ.

ಪಾಯ್ ಹೋದ. ಗಣಪಿ ಅವನಿಗಿಂತ ಮೊದಲೇ ಹೋಗಿದ್ದಳು. ಅಕ್ಕಂದಿರು ಮದುವೆಯಾಗಿ ಹೋದ ಊರುಗಳಲ್ಲೇ ತೀರಿಕೊಂಡರು. ಹೆದ್ದಾರಿ ಅಗಲ ಮಾಡುವಾಗ ನಮ್ಮ ಮನೆಯ ಜಗಲಿ, ಅಂಗಡಿ, ದೀಪದ ಕೋಣೆ ಎಲ್ಲ ರಸ್ತೆಯೊಳಗೆ ಸೇರಿತು. ನಾವು ಹೊನ್ನಾವರ ಪೇಟೆಯ ಹಿಂದೆ ಸಣ್ಣ ಮನೆಗೆ ಬಂದೆವು. ಈಗ ಕುಮಟೆಯ ಬಸ್ಸು ನಮ್ಮ ಪಟದ ಗೋಡೆ ಇದ್ದಲ್ಲಿ ವೇಗ ಹೆಚ್ಚಿಸುತ್ತದೆ. ನಾನು ಪ್ರತಿ ಸಲವೂ ಗುರುತು ಹಿಡಿಯಲು ನೋಡಿ, ಪ್ರತಿ ಸಲವೂ ದಾಟಿ ಹೋಗಿರುತ್ತೇನೆ. ಲವಿನಾ ನರ್ಸ್ ಆದಳು, ಮದುವೆಯಾಗಿ ಕುಮಟೆಯ ಹತ್ತಿರ ಹೊಳನಗದ್ದೆಗೆ ಹೋದಳು. ಮದುವೆಯ ಮುನ್ನಾದಿನದ ಶಾಸ್ತ್ರದಲ್ಲಿ ಎಲ್ಲ ಹಿರಿಯರ ಹಾಗೆ ನಾನೂ ತಲೆಯ ಮೇಲೆ ಕೈಯಿಟ್ಟೆ. ವಾದ್ಯದ ಗದ್ದಲದಲ್ಲಿ ನಾನು ಹೇಳಿದ್ದು ನನಗೇ ಕೇಳಿಸಲಿಲ್ಲ. ವರ್ಷವರ್ಷ ಈಸ್ಟರಿನ ಮೊದಲು ಪಾದ್ರಿಯ ಹತ್ತಿರ ಪಾಪನಿವೇದನೆಗೆ ಹೋಗಿ ಮೊಣಕಾಲೂರಿ, ಸಿಟ್ಟು ಮಾಡಿದೆ, ಜಪ ತಪ್ಪಿಸಿದೆ ಎಂದು ಹೇಳಿ ಎದ್ದು ಬಂದಿದ್ದೇನೆ. ಇದನ್ನು ಹೇಳಿಲ್ಲ. ಇದು ಪಾಪ ಎಂದು ನನಗೆ ತೋರಿರಲಿಲ್ಲ, ನನ್ನ ಹಕ್ಕು ಎಂದೇ ತೋರಿತ್ತು.

ಇಸ್ತ್ರಿಯ ವಾಸನೆ ಬಂದ ಆ ಬೆಳಿಗ್ಗೆ ನಾನು ಮೊದಲ ಸಲ ಲಿಲ್ಲಿಯ ಹತ್ತಿರ ಬಾಯಿ ಬಿಟ್ಟೆ. ಅವಳಿಗೆ ಎಲ್ಲ ಗೊತ್ತಿತ್ತು, ಇಷ್ಟು ವರ್ಷ ನಾನಾಗಿ ಹೇಳಲಿ ಎಂದು ಕಾದಿದ್ದಳು. ಮಗಳು ಈಗಲೂ ಕೇಳಿದರೆ ಕೊಡುತ್ತೇನೆ ಎಂದೆ. ಲಿಲ್ಲಿ ಅಂಗಿಯನ್ನು ತಿರುಗಿಸಿ ಹಾಕಿ, ನನ್ನ ಮುಖ ನೋಡದೆ ಹೇಳಿದಳು:

"ನೀವು ಊರ್ನವ್ರ ಕಾಗದ ಎಲ್ಲ ಮನೆಬಾಗ್ಲಿಗೆ ಮುಟ್ಟಿಸ್ದವ್ರು. ಅವ್ರು ಬಂದು ಕೇಳ್ಲಿ ಹೇಳಿ ಚೀಲದಾಗೆ ಇಟ್ಕಂಡು ಕೂತಿದ್ರಾ?"

ಅದೇ ವಾರ ನಾನು ಹೊಳನಗದ್ದೆಗೆ ಬಸ್ಸು ಹತ್ತಿದೆ. ಒಬ್ಬನೇ ಬಂದದ್ದು ನೋಡಿ ಲವಿನಾಗೆ ಗಾಬರಿ. ಅಮ್ಮನಿಗೆ ಏನಾಯಿತು ಎಂದು ಕೇಳಿದಳು. ಏನೂ ಇಲ್ಲ ಎಂದೆ. ನನ್ನ ಕೈ ಹಿಡಿದು ನಾಡಿ ನೋಡಿದಳು, ಚಾ ಕೊಟ್ಟಳು, ರಾತ್ರಿ ಇಲ್ಲೇ ಇರಿ ಎಂದಳು. ಅವಳ ಗಂಡ ಕೆಲಸದ ಮೇಲೆ ಭಟ್ಕಳಕ್ಕೆ ಹೋಗಿದ್ದ. ಅವಳು ಮೀನು ತೊಳೆಯುತ್ತಿದ್ದಾಗ ಹಿತ್ತಲ ಮೆಟ್ಟಿಲ ಮೇಲೆ ಕೂತು, ಅವಳ ಬೆನ್ನಿಗೆ ಹೇಳುವ ಹಾಗೆ ಕೇಳಿದೆ, ಆಗ ಕ್ಲಾಸಿಗೆ ಯಾಕೆ ಹೋಗುತ್ತಿರಲಿಲ್ಲ ಎಂದು. ಈ ಪ್ರಶ್ನೆಯನ್ನು ಆ ದಿನವೇ ಕೇಳಬೇಕಿತ್ತು.

ಅವಳು ತೊಳೆದ ಮೀನನ್ನು ತಟ್ಟೆಗೆ ಹಾಕಿದಳು.

"ಎಂತಕ್ಕೆ ಹೇಳಿ ನೆನಪಿಲ್ಲ ಪಪ್ಪಾ," ಎಂದಳು. "ಕೈ ಜೋಡಿಸ್ಕಂಡು ನಿಂತದ್ದು ನೆನಪದೆ."

ಮತ್ತೆ ನೀರು ಹಾಕಿ ತೊಳೆಯತೊಡಗಿದಳು. ನಾನು ತಪ್ಪಾಯಿತು ಎನ್ನಬೇಕೆಂದು ಬಾಯಿ ತೆರೆದೆ. ಮಗಳ ಮಕ್ಕಳು ಶಾಲೆಯಿಂದ ಬಂದು ಚೀಲ ಎಸೆದರು. ಮಾತು ಅಲ್ಲಿಗೆ ನಿಂತಿತು.

ಸಂಜೆ ಅವರ ಮನೆಯಲ್ಲೂ ಜಪ ಆಯಿತು. ದೊಡ್ಡ ಹುಡುಗ ಮೊಬೈಲನ್ನು ತೊಡೆಯ ಕೆಳಗೆ ಮುಚ್ಚಿಟ್ಟುಕೊಂಡಿದ್ದ, ಸಣ್ಣವಳು ಆಕಳಿಸುತ್ತಿದ್ದಳು. ಮುಗಿದ ಕೂಡಲೇ, ಇನ್ನು ಮಕ್ಕಳು ಕೈ ಜೋಡಿಸಿ ಬರುತ್ತಾರೆ ಎಂದು ನಾನು ಬೆನ್ನು ನೆಟ್ಟಗೆ ಮಾಡಿ ಕೂತೆ. ಯಾರೂ ಬರಲಿಲ್ಲ. ಹುಡುಗ ಆಗಲೇ ಮೊಬೈಲು ತೆಗೆದಿದ್ದ. ಲವಿನಾ ತಾನೇ ಎದ್ದು ಅವನ ಹತ್ತಿರ ಹೋದಳು, ಬಗ್ಗಿದ ತಲೆಯ ಮೇಲೆ ಕೈಯಿಟ್ಟು ದೇವ್ ಬರೆಂ ಕರುಂ ಎಂದಳು. ಅವನು ಕಣ್ಣು ಎತ್ತಲೂ ಇಲ್ಲ. ಆಮೇಲೆ ಹೋಮ್‌ವರ್ಕಿಗೆ ಕೂರುತ್ತಿದ್ದ ಸಣ್ಣವಳ ಹತ್ತಿರ ಹೋಗಿ ಅವಳಿಗೂ ಕೊಟ್ಟಳು. ನಾನು ನೋಡುತ್ತಿರುವುದು ಅವಳಿಗೆ ಕಂಡಿತು.

"ನಮ್ಮನೇಲಿ ಮಕ್ಕಳು ಕೇಳೂದಿಲ್ಲ ಪಪ್ಪಾ," ಎಂದಳು. "ನಾನೇ ಹೋಗಿ ಕೊಡ್ತೆ."

ಅದರಲ್ಲಿ ಚುಚ್ಚು ಇರಲಿಲ್ಲ. ಮನೆಯ ರೀತಿ ಗೊತ್ತಿಲ್ಲದ ಅತಿಥಿಗೆ ಹೇಳಿದ ಹಾಗೆ ಹೇಳಿದಳು. ನಾನು ಕುರ್ಚಿಯ ಕೈ ಹಿಡಿದು ಎದ್ದೆ. ಆ ಕೋಣೆ ದಾಟಲು ನನಗೆ ಬಹಳ ಹೊತ್ತು ಬೇಕಾಯಿತು. ಎಲ್ಲಿಗೆ ಪಪ್ಪಾ, ನೀರು ಬೇಕಾ ಎಂದು ಕೇಳಿದಳು. ನಾನು ಅವಳ ಮುಂದೆ ನಿಂತು ತಪ್ಪಾಯಿತು ಎಂದೆ. ಅವಳು ಸ್ವಲ್ಪ ತಲೆ ತಗ್ಗಿಸಿದಳು. ತಲೆಯ ಮೇಲೆ ಕೈಯಿಟ್ಟೆ. ದೇವ್ ಬರೆಂ ಕರುಂ ಎಂದೆ. ದೊಡ್ಡ ಜಡೆಯ ಹುಡುಗಿಯನ್ನೇ ನನ್ನ ಅಂಗೈ ನೆನಪಿಟ್ಟುಕೊಂಡಿತ್ತು. ಈಗ ಬೈತಲೆಯ ಎರಡೂ ಬದಿಗೆ ಕೂದಲು ತೆಳ್ಳಗಾಗಿತ್ತು, ಬುಡದಲ್ಲೆಲ್ಲ ನರೆತಿತ್ತು.